ಪರರ ಒಡನಾಟದ ಗ್ರಹಣವೂ ಮಿದುಳೂ: ಒಂದು ಶೋಧದ ಪೂರ್ವಚರಿತ್ರೆ

ಇಬ್ಬರು ಪರಸ್ಪರ ವ್ಯವಹರಿಸುವುದನ್ನು ದೂರದಿಂದ ಕಂಡ ಮೂರನೆಯವನು, ಅವರ ಮಾತು ಕಿವಿಗೆ ಬೀಳದಿದ್ದರೂ, ಅದು ಸ್ನೇಹವೋ ಕಲಹವೋ ಎಂಬುದನ್ನು ಒಡನೆಯೇ ಊಹಿಸುತ್ತಾನೆ. ಈ ತಿಳಿವಿಗೆ ಮಿದುಳಿನಲ್ಲಿರುವ ಆಧಾರವೇನೆಂಬ ಜಿಜ್ಞಾಸೆಯು ಇಟಲಿಯ ಪಾರ್ಮಾ ನಗರದಲ್ಲಿ ಹುಟ್ಟಿತೆಂದು ಬಗೆಯುವವರುಂಟು. ಇದನ್ನು ನಾವು ಒಪ್ಪಲಾರೆವು. ಜಾಕೊಮೊ ರಿಜೊಲಾಟಿಯವರೂ ಅವರ ಸಹೋದ್ಯೋಗಿಗಳೂ 1992ರಲ್ಲಿ ಪ್ರಕಟಿಸಿದ ಶೋಧವು ಬೇರೆ ಬಗೆಯದು. ಕೋತಿಯು ತಾನೇ ವಸ್ತುವನ್ನು ಹಿಡಿಯುವಾಗಲೂ, ಅನ್ಯರು ಹಿಡಿಯುವುದನ್ನು ನೋಡುವಾಗಲೂ ಪ್ರಚೋದನೆಗೊಳ್ಳುವ ನರಕೋಶಗಳನ್ನು ಅವರು ಕಂಡರು. ಅವಕ್ಕೆ ಮುಂದೆ 'ಕನ್ನಡಿ ನರಕೋಶ'ಗಳೆಂಬ ಹೆಸರಾಯಿತು. ಅಲ್ಲಿ ನೋಟಕ್ಕೆ ಗುರಿಯಾದ ಕರ್ತೃ ಒಬ್ಬನೇ. ಇಬ್ಬರ ನಡುವಣ ಸಂಬಂಧದ ಪ್ರಶ್ನೆ ಅಲ್ಲಿ ಏಳಲಿಲ್ಲ.

ಆ ಪ್ರಶ್ನೆಯನ್ನರಸುವವರು 1944ಕ್ಕೆ ಹೋಗಬೇಕು. ವಿಯೆನ್ನಾದಲ್ಲಿ ಜನಿಸಿ 1930ರಲ್ಲಿ ಅಮೆರಿಕವನ್ನು ಸೇರಿದ ಫ್ರಿಟ್ಜ್ ಹೈಡರ್ ಅವರೂ ಮೇರಿಯನ್ ಸಿಮೆಲ್ ಅವರೂ ಮ್ಯಾಸಚೂಸೆಟ್ಸಿನ ಸ್ಮಿತ್ ಕಾಲೇಜಿನಲ್ಲಿ ಸುಮಾರು ಎರಡೂವರೆ ನಿಮಿಷದ ಮೂಕ ಚಲಚ್ಚಿತ್ರವೊಂದನ್ನು ಬಳಸಿದರು. ಅದರಲ್ಲಿ ಮನುಷ್ಯರಿಲ್ಲ. ದೊಡ್ಡದೊಂದು ತ್ರಿಕೋನ, ಸಣ್ಣದೊಂದು ತ್ರಿಕೋನ, ಒಂದು ಸಣ್ಣ ವೃತ್ತ. ಬಾಗಿಲಿನಂತೆ ತೆರೆದು ಮುಚ್ಚುವ ಭಾಗವುಳ್ಳ ಒಂದು ಆಯತ. ಇಷ್ಟೇ ಅದರ ಸಾಮಗ್ರಿ. ನೋಡಿದುದನ್ನು ಬರೆಯಿರೆಂದು 34 ಮಂದಿಯನ್ನು ಕೇಳಲಾಯಿತು. ಕೇವಲ ರೇಖಾಗಣಿತದ ಮಾತಿನಲ್ಲಿ ಬರೆದವರು ಅವರಲ್ಲಿ ಒಬ್ಬರು ಮಾತ್ರ. ಉಳಿದವರು ಅಟ್ಟುವಿಕೆ, ಹೊಡೆದಾಟ, ತಪ್ಪಿಸಿಕೊಳ್ಳುವಿಕೆ ಮೊದಲಾದುವನ್ನು ಕಂಡರು.

ಇಲ್ಲಿ ಒಂದು ಎಚ್ಚರಿಕೆ ಆವಶ್ಯಕ. 36 ಮಂದಿಯ ಎರಡನೆಯ ತಂಡಕ್ಕೆ, ಆ ಚಲನೆಗಳನ್ನು ವ್ಯಕ್ತಿಗಳ ಕಾರ್ಯಗಳೆಂದು ಭಾವಿಸಿ, ದೊಡ್ಡ ತ್ರಿಕೋನವು ಎಂತಹ ವ್ಯಕ್ತಿಯೆಂಬುದನ್ನು ಹೇಳುವಂತೆ ಸೂಚಿಸಲಾಗಿತ್ತು. ಕೇಳಿಕೆಯಲ್ಲಿಯೇ ಉತ್ತರದ ಅರ್ಧ ಅಡಗಿದೆ! ಸಾಕ್ಷಿಯ ಮುಂದೆ ಇಟ್ಟ ಪ್ರಶ್ನೆಯನ್ನು ಮೊದಲು ಪರೀಕ್ಷಿಸುವುದು ಇತಿಹಾಸಕಾರರ ವಾಡಿಕೆ. ಆ ದೃಷ್ಟಿಯಿಂದ ಮೊದಲ ತಂಡದ ಬರಹಗಳಿಗೇ ಹೆಚ್ಚಿನ ಬೆಲೆ ಸಲ್ಲಬೇಕು. ಎರಡನ್ನೂ ಬೆರೆಸಿ ಹೇಳುವ ಪದ್ಧತಿ ನಮಗೆ ಸಮ್ಮತವಲ್ಲ. ಅಲ್ಲದೆ ಸ್ಮಿತ್ ಮಹಿಳಾ ಕಾಲೇಜು. ಅಲ್ಲಿನ ವಿದ್ಯಾರ್ಥಿನಿಯರ ನೋಟವನ್ನೇ ಸಮಸ್ತ ಮಾನವಕೋಟಿಯ ನೋಟವೆನ್ನುವುದು ಅವಸರದ ತೀರ್ಮಾನವಾದೀತು.

ಮಿದುಳಿನ ಸಾಕ್ಷ್ಯ ದೊರೆತುದು ಬಹು ತಡವಾಗಿ. ಮಿದುಳಿನ ಪಾರ್ಶ್ವದಲ್ಲಿ, ಕಿವಿಯ ಮೇಲ್ಗಡೆ, ಸುಪೀರಿಯರ್ ಟೆಂಪೊರಲ್ ಸಲ್ಕಸ್ ಎಂಬ ಮಡಿಕೆಯುಂಟು. 2017ರಲ್ಲಿ ಲೇಲಾ ಐಸಿಕ್, ನ್ಯಾನ್ಸಿ ಕ್ಯಾನ್ವಿಷರ್ ಮೊದಲಾದವರು ಆ ಮಡಿಕೆಯ ಹಿಂಭಾಗವನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಇಬ್ಬರು ಬೇರೆಬೇರೆಯಾಗಿ ಚಲಿಸುವಾಗಿನದಕ್ಕಿಂತ ಪರಸ್ಪರ ವ್ಯವಹರಿಸುವುದನ್ನು ನೋಡುವಾಗ ಆ ಭಾಗವು ಹೆಚ್ಚು ಚುರುಕಾಗುವುದೆಂದೂ, ಚಲಿಸುವ ಆಕೃತಿಗಳ ವಿಷಯದಲ್ಲಿ ನೆರವು ಯಾವುದು, ಅಡ್ಡಿ ಯಾವುದು ಎಂಬ ಭೇದವೂ ಅಲ್ಲಿ ಗೋಚರಿಸುವುದೆಂದೂ ಅವರು ತೋರಿಸಿದರು. 73 ವರ್ಷಗಳ ಬಳಿಕವೂ ಪ್ರಯೋಗಶಾಲೆಯಲ್ಲಿ ಉಳಿದುಬಂದುದು ಅದೇ ಬಗೆಯ ಆಕೃತಿಗಳೆಂಬುದನ್ನು ಗಮನಿಸಬೇಕು. ಅದೇ ವರ್ಷ ಸ್ಲೀವಾ ಮತ್ತು ಫ್ರೈವಾಲ್ಡ್ ಅವರು, ಕೋತಿಗಳ ಮಿದುಳಿನ ಮುಂಭಾಗದ ಕೆಲವು ಪ್ರದೇಶಗಳು ಸಜಾತೀಯರ ಒಡನಾಟವನ್ನು ನೋಡುವಾಗಲೇ ವಿಶೇಷವಾಗಿ ಪ್ರವರ್ತಿಸುವುವೆಂದು ವರದಿ ಮಾಡಿದರು.

ಆದರೆ ನಮಗೆ ಹೆಚ್ಚು ಮಹತ್ತ್ವದ್ದಾಗಿ ತೋರುವುದು ಇದಕ್ಕೂ ಹಿಂದಿನ ಒಂದು ದಾಖಲೆ. ಮಿದುಳಿನ ಎರಡೂ ಬದಿಯ ಅಮಿಗ್ಡಲ ಭಾಗಗಳು ನಷ್ಟವಾಗಿದ್ದ ಒಬ್ಬ ಮಹಿಳೆಗೆ ಹೈಡರ್-ಸಿಮೆಲ್ ಚಿತ್ರವನ್ನು ತೋರಿಸಿದ ವೃತ್ತಾಂತವನ್ನು ಹೆಬರ್ಲೀನ್ ಮತ್ತು ಅಡಾಲ್ಫ್ಸ್ ಅವರು 2004ರಲ್ಲಿ ಪ್ರಕಟಿಸಿದರು. ಆಕೆಯ ದೃಷ್ಟಿಗೆ ಕುಂದಿರಲಿಲ್ಲ. ಲೋಕವ್ಯವಹಾರದ ಜ್ಞಾನಕ್ಕೂ ಕುಂದಿರಲಿಲ್ಲ. ಆದರೂ, ಕಂಡುದನ್ನು ತಾನಾಗಿ ಹೇಳುವಾಗ, ಆಕೆ ತ್ರಿಕೋನ ಮತ್ತು ವೃತ್ತಗಳ ಚಲನೆಯನ್ನಷ್ಟೇ ವರ್ಣಿಸಿದಳು.