ತಪ್ಪನ್ನು ಬರೆದಿಟ್ಟ ನಾಡಿವೈದ್ಯ

ಒಬ್ಬನ ಮನಸ್ಸನ್ನು ಚೆನ್ನಾಗಿ ಬಲ್ಲವನನ್ನು ‘ಅವನ ನಾಡಿಮಿಡಿತ ಅರಿತವನು’ ಎನ್ನುವುದು ನಮ್ಮ ನುಡಿಯ ರೂಢಿ. ಮಣಿಕಟ್ಟಿನ ಮೇಲೆ ಮೂರು ಬೆರಳನ್ನಿಟ್ಟು ರೋಗವನ್ನು ಹೇಳುವ ಪಂಡಿತರ ಮಾತು ಎಡನೀರಿನಂತಹ ನಮ್ಮ ಊರುಗಳಿಗೆ ಹೊಸದಲ್ಲ. ಆದರೂ ನಮ್ಮ ಪ್ರಾಚೀನ ವೈದ್ಯಗ್ರಂಥಗಳಾದ ಚರಕ, ಸುಶ್ರುತ ಸಂಹಿತೆಗಳಲ್ಲಿ ನಾಡಿಪರೀಕ್ಷೆಯು ಒಂದು ಪ್ರತ್ಯೇಕ ಕ್ರಮವಾಗಿ ಕಾಣುವುದಿಲ್ಲ. 13-14ನೆಯ ಶತಮಾನದ್ದೆಂದು ಎಣಿಸಲಾಗುವ ಶಾರ್ಙ್ಗಧರ ಸಂಹಿತೆಯಲ್ಲಿಯೇ ವಾತದ ನಾಡಿಗೆ ಹಾವಿನ ನಡೆಯನ್ನೂ ಪಿತ್ತದ ನಾಡಿಗೆ ಕಪ್ಪೆಯ ನಡೆಯನ್ನೂ ಕಫದ ನಾಡಿಗೆ ಹಂಸದ ನಡೆಯನ್ನೂ ಹೋಲಿಸಿದೆ. ಚೀನಾ ದೇಶದಲ್ಲಾದರೋ, ಅದಕ್ಕೆ ಸಾವಿರ ವರ್ಷಗಳಿಗೂ ಹಿಂದೆ, ನಾಡಿಯನ್ನೇ ತನ್ನ ವಿದ್ಯೆಯ ಮೂಲವನ್ನಾಗಿ ಮಾಡಿಕೊಂಡ ವೈದ್ಯನೊಬ್ಬನ ವೃತ್ತಾಂತವು ಬರಹದಲ್ಲಿ ಉಳಿದಿದೆ. ಅದನ್ನು ನಾವಿಲ್ಲಿ ಸಂಗ್ರಹವಾಗಿ ಹೇಳುವೆವು.

ಆತನ ಹೆಸರು ಚುನ್‌ಯು ಯಿ. ಈಗಿನ ಶಾನ್‌ಡಾಂಗ್ ಪ್ರಾಂತ್ಯಕ್ಕೆ ಸೇರಿದ ಚೀ ಎಂಬ ರಾಜ್ಯದಲ್ಲಿ ಆತನು ಸರಕಾರದ ಧಾನ್ಯಕಣಜದ ಅಧಿಕಾರಿಯಾಗಿದ್ದನು. ಚಿಕ್ಕಂದಿನಿಂದಲೂ ವೈದ್ಯದಲ್ಲಿ ಆಸಕ್ತಿ. ಕ್ರಿ. ಪೂ. 180ರಲ್ಲಿ ಆತನಿಗೆ ಯಾಂಗ್ ಚಿಂಗ್ ಎಂಬ ಗುರು ದೊರೆತನು. ಎಪ್ಪತ್ತು ದಾಟಿದ ಆ ವೃದ್ಧನಿಗೆ ಗಂಡುಮಕ್ಕಳಿರಲಿಲ್ಲ. ಶಿಷ್ಯನು ಅದುವರೆಗೆ ಕಲಿತುದನ್ನೆಲ್ಲ ಬಿಡಿಸಿ, ತನ್ನಲ್ಲಿದ್ದ ನಾಡಿಶಾಸ್ತ್ರದ ಪುಸ್ತಕಗಳನ್ನು ಅವನಿಗೆ ಧಾರೆಯೆರೆದನು.

ವೈದ್ಯನ ಕೀರ್ತಿ ಬೆಳೆಯಿತು. ಅದರೊಡನೆ ವೈರವೂ ಬೆಳೆಯಿತು. ಆತನು ಒಂದೆಡೆ ನಿಲ್ಲದೆ ಸಂಚರಿಸುತ್ತಿದ್ದುದರಿಂದಲೂ, ಕೆಲವರಿಗೆ ಚಿಕಿತ್ಸೆ ಮಾಡಲೊಪ್ಪದಿದ್ದುದರಿಂದಲೂ ರೋಗಿಗಳ ಮನೆಯವರು ಮುನಿದರು. ಕೊನೆಗೆ ಅಪವಾದಕ್ಕೆ ಗುರಿಯಾಗಿ, ಅಂಗಚ್ಛೇದದ ಶಿಕ್ಷೆಗಾಗಿ ರಾಜಧಾನಿಗೆ ಒಯ್ಯಲ್ಪಟ್ಟನು. ಐವರು ಹೆಣ್ಣುಮಕ್ಕಳು ಅಳುತ್ತ ಹಿಂಬಾಲಿಸಿದಾಗ, ಆಪತ್ಕಾಲಕ್ಕೆ ಒದಗಲು ಒಬ್ಬ ಮಗನೂ ಇಲ್ಲವೆಂದು ಆತನು ಗದರಿದನಂತೆ. ಕಿರಿಯ ಮಗಳು ತೀಯಿಂಗ್ ಆ ಮಾತನ್ನು ಸಹಿಸಲಿಲ್ಲ. ತಂದೆಯೊಡನೆ ರಾಜಧಾನಿಗೆ ನಡೆದು ಚಕ್ರವರ್ತಿ ವೆನ್‌ನಿಗೆ ಬಿನ್ನಹ ಬರೆದಳು: ಕಡಿದ ಅಂಗವು ಮತ್ತೆ ಕೂಡದು, ತಿದ್ದಿಕೊಳ್ಳಬೇಕೆಂದರೂ ದಾರಿಯುಳಿಯದು, ತಂದೆಯ ಬದಲು ತಾನು ದಾಸಿಯಾಗುವೆನು. ಚಕ್ರವರ್ತಿಯ ಮನ ಕರಗಿತು. ಕ್ರಿ. ಪೂ. 167ರಲ್ಲಿ ಮೂಗು ಕೊಯ್ಯುವುದು, ಕಾಲು ಕಡಿಯುವುದು ಮೊದಲಾದ ಶಿಕ್ಷೆಗಳನ್ನು ರದ್ದುಪಡಿಸುವ ಆಜ್ಞೆ ಹೊರಟಿತು.

ಅನಂತರ ವೈದ್ಯನು ಮನೆಯಲ್ಲಿರುವಾಗ ಅವನ ವಿದ್ಯೆಯ ಕುರಿತು ಅರಮನೆಯಿಂದ ಪ್ರಶ್ನೆಗಳು ಬಂದವು. ಆತನು ಕೊಟ್ಟ ಉತ್ತರವನ್ನು ಇತಿಹಾಸಕಾರ ಸಿಮಾ ಚ್ಯಾನ್ ತನ್ನ ಗ್ರಂಥದಲ್ಲಿ ಸೇರಿಸಿದ್ದಾನೆ. ಅದರಲ್ಲಿ 25 ರೋಗಿಗಳ ವಿವರವುಂಟು: ಹೆಸರು, ಪದವಿ, ನಾಡಿಯ ಲಕ್ಷಣ, ಚಿಕಿತ್ಸೆ, ಪರಿಣಾಮ. ಒಬ್ಬ ಅಧಿಕಾರಿಗೆ ಹಲ್ಲುಹುಳುಕು; ಉಂಡ ಮೇಲೆ ಬಾಯಿ ಮುಕ್ಕಳಿಸದಿದ್ದುದೂ ಅದಕ್ಕೆ ಕಾರಣವೆಂದು ಬರೆದು, ಕಷಾಯದಿಂದ ಬಾಯಿ ತೊಳೆಯಿಸಿ ಐದಾರು ದಿನಗಳಲ್ಲಿ ಗುಣಪಡಿಸಿದನು. ಚೆಂಗ್ ಎಂಬ ಇನ್ನೊಬ್ಬನು ತಲೆನೋವೆಂದು ಬಂದನು. ನಾಡಿ ಹಿಡಿದ ವೈದ್ಯನು ಅದು ಹೊಟ್ಟೆಯೊಳಗಿನ ಕುರುವೆಂದು ತಿಳಿದು, ರೋಗಿಗೆ ಹೇಳಲಾರದೆ, ಅವನ ತಮ್ಮನಿಗೆ ಗುಟ್ಟಾಗಿ ಮರಣದ ಸೂಚನೆ ಕೊಟ್ಟನು. ಹಾಗೆಯೇ ಆಯಿತು. ಬದುಕಿದವರಂತೆ ಸತ್ತವರ ವಿಷಯವೂ ಆ ಪಟ್ಟಿಯಲ್ಲಿದೆ.

ಇಷ್ಟೆಲ್ಲ ಏಕೆ ಬರೆದಿಟ್ಟನು? ವಿದ್ಯೆ ಕೈಗೂಡುವ ಹೊತ್ತಿಗೇ ಗುರು ತೀರಿಕೊಂಡನು. ಆದುದರಿಂದ ತನ್ನ ತೀರ್ಮಾನ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂದು ನಾಡಿಶಾಸ್ತ್ರದೊಡನೆ ಹೋಲಿಸಿ ನೋಡಲು ಬರೆದೆನು ಎನ್ನುತ್ತಾನೆ. ಗುರುವಿಲ್ಲದ ಮನೆಯಲ್ಲಿ ಕಡತವೇ ಗುರುವಾಯಿತು. ನಿನ್ನ ನಿರ್ಣಯವು ಎಂದೂ ತಪ್ಪದೋ ಎಂದು ಕೇಳಿದಾಗ, ಮನಸ್ಸು ನಾಡಿಯಲ್ಲಿ ನಿಲ್ಲದಿದ್ದರೆ ಆಗಾಗ ತಪ್ಪುವುದು, ಪೂರ್ಣತೆ ತನ್ನಿಂದ ಸಾಧ್ಯವಿಲ್ಲ ಎಂದು ಒಪ್ಪಿಕೊಂಡನು. ಕಟುಕನ ಕತ್ತಿಯಿಂದ ಆಗತಾನೆ ಪಾರಾದವನು ಅದೇ ಅರಸನ ಮುಂದೆ ಆಡಿದ ಮಾತಿದು ಎಂಬುದನ್ನು ನಾವು ಮರೆಯಲಾಗದು.

1973ರಲ್ಲಿ ಚಾಂಗ್‌ಷಾ ನಗರದ ಬಳಿ ಮಾವಾಂಗ್‌ದ್ವೇ ಎಂಬಲ್ಲಿ ಕ್ರಿ. ಪೂ. 168ರ ಗೋರಿಯೊಂದನ್ನು ಅಗೆದಾಗ ನಾಡಿಯ ಕುರಿತ ರೇಷ್ಮೆಬಟ್ಟೆಯ ಬರಹಗಳು ದೊರೆತವು. ಈ ವೈದ್ಯನ ಕಾಲಕ್ಕೇ ಆ ವಿದ್ಯೆಯು ಬರಹಕ್ಕಿಳಿದಿತ್ತೆಂಬುದಕ್ಕೆ ಅದು ಸಾಕ್ಷಿ. ನಾಡಿಯೊಂದರಿಂದಲೇ ಸಕಲ ರೋಗವನ್ನೂ ತಿಳಿಯಬಹುದೆಂದು ಇಂದು ನಾವು ನಂಬಬೇಕಾಗಿಲ್ಲ. ಆದರೆ ಶಾಲೆಯಲ್ಲಿ ತಪ್ಪು ಲೆಕ್ಕವನ್ನು ರಬ್ಬರಿನಿಂದ ಅಳಿಸಿ ಹಾಕುವ ಬಾಲಕನನ್ನು ಕಂಡಾಗಲೆಲ್ಲ ನಮಗೆ ಚುನ್‌ಯು ಯಿಯ ನೆನಪಾಗುತ್ತದೆ. ಅಳಿಸಬೇಡ ಮಗೂ, ಅದರ ಪಕ್ಕದಲ್ಲಿ ಸರಿಯಾದುದನ್ನು ಬರೆ ಎನ್ನುತ್ತೇವೆ.