ಕುದುರೆಯ ವಿಕಾಸ
ಸುಮಾರು 5.5 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕದ ಕಾಡುಗಳಲ್ಲಿದ್ದ ಇಯೋಹಿಪ್ಪಸ್ ಕುದುರೆ ಕುಲದ ಆದಿಜೀವಿ. ಸಣ್ಣ ನಾಯಿಯಷ್ಟೇ ಗಾತ್ರ. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು ಬೆರಳು. ಆಹಾರ ಮೆತ್ತನೆಯ ಎಲೆ. ಕಾಡು ಕುಗ್ಗಿ ಹುಲ್ಲುಗಾವಲು ಹರಡಿದಾಗ ಬದುಕಿನ ಕ್ರಮವೇ ಬದಲಾಯಿತು. ಹುಲ್ಲಿನ ಸಿಲಿಕಾ, ಅದಕ್ಕಂಟಿದ ಮಣ್ಣು ಹಲ್ಲನ್ನು ಸವೆಸುತ್ತವೆ, ಸುಮಾರು 1.5 ಕೋಟಿ ವರ್ಷ ಹಿಂದಿನ ಮೆರಿಕಿಪ್ಪಸ್‌ನಲ್ಲಿ ಈ ಸವೆತ ತಾಳಬಲ್ಲ ಎತ್ತರದ ದವಡೆಹಲ್ಲುಗಳು ಕಾಣುತ್ತವೆ. ಬಯಲಿನಲ್ಲಿ ಮರೆಯಿಲ್ಲ, ಓಟವೇ ರಕ್ಷಣೆ. ಕಾಲುಗಳು ನೀಳವಾದವು, ಪಕ್ಕದ ಬೆರಳುಗಳು ಕುಗ್ಗಿ, ನಡುಬೆರಳೊಂದೇ ಗೊರಸು ಹೊತ್ತು ಉಳಿಯಿತು. ಆದರೆ ಇದನ್ನು ನೇರ ಸಾಲೆಂದು ಭಾವಿಸುವುದು ತಪ್ಪು. ನಡುವೆ ಅಳಿದ ಕವಲುಗಳು ಹಲವು. ಮೂರು ಬೆರಳಿನ ಹಿಪ್ಪೇರಿಯನ್ ಬಗೆಯ ಪಳೆಯುಳಿಕೆಗಳು ಶಿವಾಲಿಕ್ ಬೆಟ್ಟಗಳಲ್ಲಿ ದೊರೆತಿವೆ. ಆ ಕವಲೂ ಅಳಿಯಿತು; ಬಹುಕಾಲದ ನಂತರ ವಿಜಯನಗರದ ಅರಸರು ಅರಬ್ಬೀ ಸಮುದ್ರ ದಾಟಿಸಿ ತರಿಸುತ್ತಿದ್ದುದು ಉಳಿದ ಕವಲಿನ ಒಂಟಿಗೊರಸಿನ ಕುದುರೆಗಳನ್ನು. ಹಂಪಿಯಲ್ಲಿ, ಹಜಾರ ರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಅವುಗಳ ಸಾಲುಶಿಲ್ಪಗಳಿವೆ.