ಹಂಪಿಯ ಅಹ್ಮದ್ ಖಾನನ ಮಸೀದಿ



ನಮ್ಮ ಮೋಕದಿಂದ ಬಳ್ಳಾರಿ, ಹೊಸಪೇಟೆ ಮಾರ್ಗವಾಗಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಹಂಪಿ ಸೇರಬಹುದು. ನಿಮ್ಮಲ್ಲಿ ಬಹಳಷ್ಟು ಮಂದಿ ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗಿಯೇ ಇರುತ್ತೀರಿ. ವಿರೂಪಾಕ್ಷ ಗುಡಿಯ ಗೋಪುರ, ಕಲ್ಲಿನ ರಥ, ಕಮಲ ಮಹಲು, ಆನೆ ಲಾಯ ನೋಡಿ, ಬುತ್ತಿ ಬಿಚ್ಚಿ ಉಂಡು, ಸಂಜೆ ಬಸ್ಸು ಹತ್ತಿರುತ್ತೀರಿ. ಆದರೆ ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಯಲ್ಲಿರುವ ಅಹ್ಮದ್ ಖಾನನ ಮಸೀದಿಯನ್ನು ಎಷ್ಟು ಜನ ನೋಡಿದ್ದೀರಿ?

ಅದನ್ನು ಹೇಳುವ ಮೊದಲು 'ವಿಶ್ವ ಪರಂಪರೆ' ಎಂದರೇನೆಂದು ತಿಳಿಯೋಣ. ಈ ವಿಚಾರಕ್ಕೆ ಬಲ ಬಂದದ್ದು ಈಜಿಪ್ಟಿನಿಂದ. ನೈಲ್ ನದಿಗೆ ಅಸ್ವಾನ್ ಅಣೆಕಟ್ಟು ಕಟ್ಟುವಾಗ ಅಬು ಸಿಂಬೆಲ್‌ನ ಪುರಾತನ ದೇಗುಲಗಳು ಮುಳುಗುವಂತಾದವು. 1960ರಲ್ಲಿ ಯುನೆಸ್ಕೊ ಜಗತ್ತಿನ ನೆರವು ಕೇಳಿತು. ದೇಗುಲಗಳನ್ನು ತುಂಡು ತುಂಡಾಗಿ ಕೊಯ್ದು, ಎತ್ತರದ ನೆಲದಲ್ಲಿ 1968ರ ಹೊತ್ತಿಗೆ ಮತ್ತೆ ಜೋಡಿಸಲಾಯಿತು. ಗಮನಿಸಿ, ಅವು ಫಿರ್‌ಔನರ ಕಾಲದ ದೇಗುಲಗಳು. ಉಳಿಸಿಕೊಡಿ ಎಂದು ಕೇಳಿದ್ದು ಮುಸ್ಲಿಮರೇ ಹೆಚ್ಚಾಗಿರುವ ದೇಶ. 1972ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಪರಂಪರೆಯ ಒಪ್ಪಂದವಾಯಿತು, 1977ರಲ್ಲಿ ಭಾರತ ಅದನ್ನು ಒಪ್ಪಿತು. 1983ರಲ್ಲಿ ತಾಜ್ ಮಹಲ್, ಆಗ್ರಾ ಕೋಟೆ, ಅಜಂತಾ, ಎಲ್ಲೋರಾ ಪಟ್ಟಿ ಸೇರಿದವು. 1986ರಲ್ಲಿ ಹಂಪಿ, ಮರುವರ್ಷ ಪಟ್ಟದಕಲ್ಲು. ಹಂಪಿ ಆಗ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 2021ರಲ್ಲಿ ಹೊಸದಾದ ವಿಜಯನಗರ ಜಿಲ್ಲೆಗೆ ಸೇರಿತು.

ಈಗ ಆ ಮಸೀದಿಗೆ ಬರೋಣ. ಅದಕ್ಕೆ ಗುಮ್ಮಟವಿಲ್ಲ, ಮಿನಾರವಿಲ್ಲ. ಕಲ್ಲುಕಂಬಗಳ ತೆರೆದ ಮಂಟಪ, ನೋಡಿದರೆ ಅಲ್ಲಿನ ಇತರ ಮಂಟಪಗಳ ಹಾಗೆಯೇ. ಪಶ್ಚಿಮದ ಗೋಡೆಯಲ್ಲಿರುವ ಮಿಹ್ರಾಬಿನ ಗೂಡನ್ನು ಕಂಡಾಗಲೇ ಮಸೀದಿ ಎಂದು ತಿಳಿಯುವುದು. ಪಕ್ಕದಲ್ಲಿ ಗುಮ್ಮಟದ ಗೋರಿಯೊಂದಿದೆ. ಇಲ್ಲಿನ ಶಾಸನ 1439ರದು, ಎರಡನೆಯ ದೇವರಾಯನ ಕಾಲದ್ದು. ಅದರ ಭಾಷೆ ಅರಬ್ಬಿಯೂ ಅಲ್ಲ, ಫಾರಸಿಯೂ ಅಲ್ಲ, ಕನ್ನಡ! ರಾಜನ ಸೇವೆಯಲ್ಲಿದ್ದ ಅಹ್ಮದ್ ಖಾನನು ದೇವರಾಯನಿಗೆ ಪುಣ್ಯವಾಗಲೆಂದು ಈ ಧರ್ಮಸಾಲೆಯನ್ನೂ ಬಾವಿಯನ್ನೂ ಕಟ್ಟಿಸಿದನೆಂದು ಅದು ಹೇಳುತ್ತದೆ. ತನ್ನ ಇಬಾದತ್ತಿನ ಮನೆಗೆ ಊರವರೆಲ್ಲರಿಗೂ ತಿಳಿಯುವ 'ಧರ್ಮಸಾಲೆ' ಎಂಬ ಹೆಸರನ್ನೇ ಇಟ್ಟ ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ. ಇದಾದ ನಾಲ್ಕು ವರ್ಷಕ್ಕೆ, 1443ರಲ್ಲಿ, ಹೆರಾತಿನ ರಾಯಭಾರಿ ಅಬ್ದುರ್ ರಜಾಕ್ ಇದೇ ಊರಿಗೆ ಬಂದು, ಬಜಾರಿನಲ್ಲಿ ಮುತ್ತುರತ್ನಗಳನ್ನು ಬಯಲಲ್ಲೇ ಮಾರುತ್ತಿದ್ದುದನ್ನು ಕಂಡು ಬರೆದಿಟ್ಟ.

ವಿದ್ಯಾರ್ಥಿಗಳೇ, ತರಗತಿಯಲ್ಲಿ 1565ರ ಯುದ್ಧದ ಪಾಠ ಬಂದಾಗ ನಮ್ಮ ಮಕ್ಕಳು ತಲೆ ತಗ್ಗಿಸಿ ಕೂರುವುದನ್ನು ನಾನು ಬಲ್ಲೆ. ಸುಲ್ತಾನರು ಗೆದ್ದ ಮೇಲೆ ನಗರ ಲೂಟಿಯಾದದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವಿಜಯನಗರದ ಸೈನ್ಯದಲ್ಲೂ ಮುಸ್ಲಿಮರಿದ್ದರು, ಆ ರಾಜಧಾನಿಯಲ್ಲಿ ಮುಸ್ಲಿಮರ ಕೇರಿಯೇ ಇತ್ತು. ಹಾಳಾದ ಆ ನಗರದಲ್ಲಿ ಅವರ ಮನೆಗಳೂ ಇದ್ದವು. ಪಾಠ ಮಾಡುವವರೂ ಇದನ್ನು ಹೇಳಬೇಕು, ಕೇಳುವವರೂ ತಿಳಿದಿರಬೇಕು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆನೆಗೊಂದಿ ಬಳಿಯ ಸೇತುವೆ ಮುಂತಾದ ಕಟ್ಟಡಗಳಿಂದಾಗಿ 1999ರಲ್ಲಿ ಯುನೆಸ್ಕೊ ಹಂಪಿಯನ್ನು 'ಅಪಾಯದಲ್ಲಿರುವ' ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಷ್ಟೇ ಹೊರತೆಗೆಯಿತು. ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಡ ಕೂಲಿಕಾರರು ಪ್ರಾಣ ಕಳೆದುಕೊಂಡರು. 2019ರಲ್ಲಿ ಕೆಲವು ಯುವಕರು ಕಂಬವೊಂದನ್ನು ಉರುಳಿಸಿ ವಿಡಿಯೊ ಮಾಡಿದರು. ನ್ಯಾಯಾಲಯ ದಂಡ ಹಾಕಿದ್ದಲ್ಲದೆ ಅವರಿಂದಲೇ ಕಂಬಗಳನ್ನು ಎತ್ತಿ ನಿಲ್ಲಿಸಿತು.

ಮುಂದಿನ ಸಲ ಹೋದಾಗ ಆನೆ ಲಾಯ ನೋಡಿದ ಮೇಲೆ ಬಸ್ಸಿಗೆ ಅರ್ಧ ಗಂಟೆ ಕಾಯಲು ಹೇಳಿ, ತಳವಾರಘಟ್ಟದ ದಾರಿ ಹಿಡಿಯಿರಿ. ಶಾಸನದ ಲಿಪಿ ಹಳೆಯದು, ಓದಲು ತಡವರಿಸುವಿರಿ. ಆದರೂ ಒಂದೆರಡು ಅಕ್ಷರಗಳ ಗುರುತು ಸಿಕ್ಕೀತು, ನಾವು ದಿನವೂ ಬರೆಯುವ ಕನ್ನಡವೇ ಅಲ್ಲವೇ ಅದು!